ಕಂಡದ್ದು ಯಾವುದು, ಕೇಳಿದ್ದು ಯಾವುದು?

ಜ್ವರ ಬಂದವನನ್ನು ಆಸ್ಪತ್ರೆಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಬುದ್ಧಿ ಕದಡಿದವನ ವಿಷಯ ಹಾಗಲ್ಲ. ಅವನು ಒಲ್ಲೆನೆಂದರೂ ಕೆಲವೊಮ್ಮೆ ಒಯ್ದು ಇರಿಸಬೇಕಾಗುತ್ತದೆ. ಆದುದರಿಂದ ‘ಇವನಿಗೆ ಚಿತ್ತಭ್ರಮೆ’ ಎಂಬ ಮಾತು ರೋಗದ ನಿರ್ಣಯ ಮಾತ್ರವಲ್ಲ, ಬಂಧನದ ಅಪ್ಪಣೆಯೂ ಆಗಬಲ್ಲುದು. ಆ ಮಾತನ್ನು ಆಡುವ ಅಧಿಕಾರ ಯಾರದು? ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿ ಉತ್ತರ ಹುಡುಕುತ್ತ ಬಂದಿದೆ.

೧೮೫೮ರಲ್ಲಿ ಬ್ರಿಟಿಷರು ಈ ವಿಷಯವಾಗಿ ಮೂರು ಶಾಸನಗಳನ್ನು ಮಾಡಿದರು. ಅವುಗಳಲ್ಲಿ ಎರಡು ನ್ಯಾಯಾಲಯದ ವಿಚಾರಣೆಗೂ ಆಸ್ತಿಯ ಆಡಳಿತಕ್ಕೂ ಸಂಬಂಧಿಸಿದವು. ಹುಚ್ಚಾಸ್ಪತ್ರೆಗಳಿಗೆಂದು ಇದ್ದುದು ಒಂದೇ. ಆಸ್ತಿಯಿದ್ದಲ್ಲಿ ದಾಯಾದಿಯೂ ಇರುತ್ತಾನೆ. ಅವನ ಮಾತನ್ನು ಹಾಗೆಯೇ ನಂಬುವುದು ಹೇಗೆ? ೧೯೧೨ರ ‘ಇಂಡಿಯನ್ ಲೂನಸಿ ಆಕ್ಟ್’ ಇದಕ್ಕೊಂದು ಕಟ್ಟುಪಾಡು ವಿಧಿಸಿತು. ಮನೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವಾಗ ಇಬ್ಬರು ವೈದ್ಯರ ಸರ್ಟಿಫಿಕೇಟುಗಳನ್ನು, ಬೇರೆ ಬೇರೆ ಹಾಳೆಗಳಲ್ಲಿ, ಲಗತ್ತಿಸಬೇಕು. ವೈದ್ಯನು ತಾನು ಕಣ್ಣಾರೆ ಕಂಡ ಸಂಗತಿಗಳನ್ನೂ ಇತರರು ಹೇಳಿದ ಸಂಗತಿಗಳನ್ನೂ ಬೇರ್ಪಡಿಸಿ ಬರೆಯಬೇಕು. ಬರಿಯ ಕೇಳಿದ ಮಾತಿನ ಮೇಲೆ ನಿಂತ ಸರ್ಟಿಫಿಕೇಟು ಸಲ್ಲದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ದೂರದ್ದಲ್ಲ ಈ ವಿವೇಕ.

ನಿಯಮವೇನೋ ಸರಿಯೆ. ಆದರೆ ನೋಡಲು ಕಲಿತ ಕಣ್ಣು ಬೇಕಷ್ಟೆ! ಸರ್ಟಿಫಿಕೇಟು ಬರೆಯುವ ವೈದ್ಯನು ಮನೋರೋಗವನ್ನೇ ವಿಶೇಷವಾಗಿ ಓದಿರಬೇಕೆಂದು ಆ ಕಾನೂನು ಕೇಳಲಿಲ್ಲ. ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ೧೯೫೪ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ಶಿಕ್ಷಣ ದೊರೆಯಿತು. ೧೯೭೪ರಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು.

೧೯೧೨ರ ಕಾನೂನಿನ ಸ್ಥಾನಕ್ಕೆ ೧೯೮೭ರದು ಬಂದಿತು. ಅದರ ಸ್ಥಾನಕ್ಕೆ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ತನ್ನ ವಿಷಯವನ್ನು ತಾನೇ ನಿರ್ಧರಿಸಲಾರದ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಒಬ್ಬ ಮನೋವೈದ್ಯನೂ, ಜೊತೆಗೆ ಮತ್ತೊಬ್ಬ ಮಾನಸಿಕ ಆರೋಗ್ಯ ಪರಿಣತನೋ ವೈದ್ಯನೋ, ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ಮೊದಲ ಬಾರಿಗೆ ಹೀಗೆ ಇರಿಸಿಕೊಳ್ಳುವ ಅವಧಿ ೩೦ ದಿನ ಮೀರಕೂಡದು. ಹಿಂದೆ ಚಿಕಿತ್ಸೆ ಪಡೆದಿದ್ದನೆಂಬ ಒಂದೇ ಕಾರಣಕ್ಕಾಗಲಿ, ಸಮಾಜದ ರೀತಿನೀತಿಗೆ ಹೊಂದಲಿಲ್ಲವೆಂದಾಗಲಿ ಯಾರಿಗೂ ರೋಗಿಯ ಪಟ್ಟ ಕಟ್ಟುವಂತಿಲ್ಲ.

ಈ ಪರೀಕ್ಷಕರ ಹೊಣೆ ಹಗುರವಲ್ಲ. ತಪ್ಪಾಗಿ ‘ಹೌದು’ ಎಂದರೆ ಒಬ್ಬನ ಸ್ವಾತಂತ್ರ್ಯ ಹೋಗುತ್ತದೆ. ತಪ್ಪಾಗಿ ‘ಅಲ್ಲ’ ಎಂದರೆ ಪ್ರಾಣವೇ ಹೋಗಬಹುದು. ನಡುರಾತ್ರಿ ಅಳುತ್ತ ಬಂದ ಬಂಧುಗಳ ಮಾತಿಗೆ ಕಿವಿಗೊಡಬೇಕು. ಆದರೆ ಮೂಲೆಯಲ್ಲಿ ಮುದುರಿ ಕುಳಿತವನ ಎದುರು ತಾನೂ ಕುಳಿತು, ಅವನನ್ನೇ ನೋಡಬೇಕು, ಅವನನ್ನೇ ಕೇಳಬೇಕು. ಕಾನೂನು ಆಮೇಲೆ ಎರಡು ಸಲ ಬದಲಾದರೂ ೧೯೧೨ರ ಆ ಹಾಳೆ ಕೇಳಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ನೀನು ಕಂಡದ್ದು ಯಾವುದು, ಕೇಳಿದ್ದು ಯಾವುದು?