ಸೂರ್ಯನ ಕಲೆಗಳು ಮತ್ತು ಕೊಲಾಬಾದ ದಾಖಲೆ ಪುಸ್ತಕ

ಶಾಲೆಯೊಂದಕ್ಕೆ ನೂರು ವರ್ಷ ತುಂಬಿತೆಂದರೆ, ಸೂರ್ಯನ ಲೆಕ್ಕದಲ್ಲಿ ಸುಮಾರು ಒಂಬತ್ತು ಆವರ್ತಗಳು ಕಳೆದವೆಂದು ಅರ್ಥ. ಸೂರ್ಯಬಿಂಬದ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ, ಮತ್ತೆ ಕ್ಷೀಣಿಸುತ್ತವೆ. ಈ ಕಲೆಗಳಿಗೂ ಭೂಮಿಯ ಕಾಂತಕ್ಷೇತ್ರಕ್ಕೂ ಇರುವ ನಂಟನ್ನು ಮನುಷ್ಯನು ಅರಿತ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಇದೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್‌ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ, ಅವುಗಳ ನಡುವೆ ಕಣ್ಣು ಕೋರೈಸುವ ಬೆಳಕು ಮಿಂಚಿತು. ಹದಿನೆಂಟು ಗಂಟೆಗಳೊಳಗೆ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಯುರೋಪ್, ಅಮೆರಿಕಗಳಲ್ಲಿ ತಂತಿ ವ್ಯವಸ್ಥೆ ಕೆಟ್ಟಿತು. ಅದೇ ಕಾಲದಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ನೌಕರರು ಕಾಂತಮಾಪಕವನ್ನು ಕಣ್ಣಿನಿಂದಲೇ ಓದಿ, ಅಂಕಿಗಳನ್ನು ಬರೆದಿಡುತ್ತಿದ್ದರು. ಸೆಪ್ಟೆಂಬರ್ 2ರಂದು ಅವರು ದಾಖಲಿಸಿದ ಕುಸಿತ ಸುಮಾರು 1,600 ನ್ಯಾನೋಟೆಸ್ಲಾ. 144 ವರ್ಷಗಳ ಬಳಿಕ, 2003ರಲ್ಲಿ, ವಿಜ್ಞಾನಿಗಳು ಆ ಬಿರುಗಾಳಿಯ ತೀವ್ರತೆಯನ್ನು ಅಂದಾಜು ಮಾಡಲು ನೆರವಾದದ್ದು ಇದೇ ದಾಖಲೆ.

ಸೂರ್ಯಕಲೆಗಳು ಪ್ರಬಲ ಕಾಂತಕ್ಷೇತ್ರದ ತಾಣಗಳೆಂದು 1908ರಲ್ಲಿ ಅಮೆರಿಕದ ಜಾರ್ಜ್ ಹೇಲ್ ತೋರಿಸಿದರು. ಮರುವರ್ಷವೇ ನಮ್ಮ ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್, ಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಆ ಬೆಟ್ಟದ ಮೇಲೆ 1904ರಿಂದ ತೆಗೆದ ಸೂರ್ಯನ ಛಾಯಾಚಿತ್ರಗಳು ಇಂದಿಗೂ ಸಂಶೋಧಕರ ಆಸ್ತಿಯಾಗಿವೆ.

ಕಲೆಗಳ ಬಳಿ ಸ್ಫೋಟವಾದಾಗ ಅದರ ಬೆಳಕು ಎಂಟು ನಿಮಿಷಗಳಲ್ಲಿ ನಮ್ಮನ್ನು ತಲಪುತ್ತದೆ. ಹೊರಚಿಮ್ಮಿದ ವಿದ್ಯುದಾವೇಶದ ಕಣಗಳ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆ ಮೋಡದ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ, ಭೂಮಿಯ ಕಾಂತಕವಚದೊಡನೆ ಬೆಸೆದುಕೊಂಡು ಅಪಾರ ಶಕ್ತಿಯನ್ನು ಒಳಗೆ ಹರಿಸುತ್ತದೆ. ಇದೇ ಭೂಕಾಂತೀಯ ಬಿರುಗಾಳಿ. 1989ರ ಮಾರ್ಚ್ 13ರಂದು ಇಂಥದೇ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತು.

ಹೊಸೂರು, ಕೃಷ್ಣಗಿರಿಗಳು ಭೂಕಾಂತೀಯ ಸಮಭಾಜಕಕ್ಕೆ ಸಮೀಪದಲ್ಲಿವೆ. ಇಲ್ಲಿ ಧ್ರುವಪ್ರಭೆ ಕಾಣಸಿಗದು. ಆದರೆ ನಾವು ನೆಚ್ಚಿಕೊಂಡಿರುವ ಉಪಗ್ರಹಗಳಿಗೆ ಬಿರುಗಾಳಿಯ ಪೆಟ್ಟು ತಪ್ಪದು. ಆದ್ದರಿಂದಲೇ 2023ರ ಸೆಪ್ಟೆಂಬರ್ 2ರಂದು ಇಸ್ರೋ ಸೂರ್ಯನ ವೀಕ್ಷಣೆಗೆ ಆದಿತ್ಯ-ಎಲ್1 ನೌಕೆಯನ್ನು ಕಳುಹಿಸಿತು. ಅದರ ಪ್ರಧಾನ ಉಪಕರಣವನ್ನು ರೂಪಿಸಿದ್ದು ನೆರೆಯ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ. ಕೊಡೈಕೆನಾಲ್ ವೀಕ್ಷಣಾಲಯವನ್ನು ನಡೆಸುತ್ತಿರುವುದೂ ಇದೇ ಸಂಸ್ಥೆ.

ಕೊಲಾಬಾದ ನೌಕರರಿಗೆ ತಮ್ಮ ಅಂಕಿಗಳು ಮುಂದೆ ಯಾರಿಗೆ ಒದಗುವುವೆಂದು ತಿಳಿದಿರಲಿಲ್ಲ. ಆದರೂ ತಪ್ಪದೆ ಬರೆದರು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯಲ್ಲೂ ಅಂಥದೊಂದು ಪುಸ್ತಕ ಆರಂಭವಾಗಲೆಂಬುದು ನನ್ನ ಆಶಯ. ಸೂರ್ಯನನ್ನು ನೇರವಾಗಿ ನೋಡದೆ, ಶಿಕ್ಷಕರ ಸಮ್ಮುಖದಲ್ಲಿ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ, ಮಕ್ಕಳು ಕಲೆಗಳನ್ನು ಎಣಿಸಿ ದಿನಾಂಕದೊಡನೆ ಬರೆದಿಡಲಿ. ದೂರದರ್ಶಕವೊಂದನ್ನು ಒದಗಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದಾದರೆ, ಮೊದಲ ಪುಟವನ್ನು ಈ ವರ್ಷವೇ ತೆರೆಯಬಹುದು.