ಹೃದಯಕ್ಕೊಂದು ಕಾವಲು

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿಗೆ ನಮ್ಮ ಊರು ದೂರವಲ್ಲ. ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲುಗಳಲ್ಲಿ ಅದೂ ಒಂದು. ಈಗ ಅದರ ವಿಸ್ತಾರವಾದ ಭಾಗ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದೆ. ಕಳೆದ ಶ್ರಾವಣದಲ್ಲಿ ಅದರ ಆವರಣದ ಹೊರಗೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: “ಮೇಷ್ಟ್ರೇ, ನಮ್ಮಪ್ಪ ಎಂಬತ್ತು ದಾಟಿ ಹೋದ. ನಾನೂ ಇನ್ನೂ ಅಡ್ಡಾಡ್ತಿದೀನಿ. ಈ ನಲವತ್ತರ ಹುಡುಗ್ರು ನಿಂತಂಗೇ ಯಾಕೆ ಬೀಳ್ತಾವೆ?”

ಅವರು ಯಾರನ್ನು ನೆನೆದು ಕೇಳಿದರೆಂಬುದು ನನಗೆ ಗೊತ್ತಿತ್ತು. ನನ್ನ ಚಿಕ್ಕಪ್ಪನ ಮಗ ಈರುಳ್ಳಿ ಲಾರಿ ಓಡಿಸುತ್ತಿದ್ದ. ವಯಸ್ಸು ಮೂವತ್ತೆಂಟು. ಮೂರು ವರ್ಷದ ಹಿಂದೆ ಒಂದು ರಾತ್ರಿ ಫೋನು ಮಾಡಿ, “ಎದೆ ಹಿಡ್ಕಂಡೈತಣ್ಣ, ಗ್ಯಾಸು ಇರ್ಬೇಕು” ಎಂದ. ಎಂ.ಎ. ಓದಿದ ಅಣ್ಣನಾದ ನಾನು, “ಜೀರಿಗೆ ಕಷಾಯ ಕುಡಿದು ಮಲಗು” ಎಂದೆ. ಅವನು ಹಾಗೆಯೇ ಮಾಡಿದ. ಬೆಳಗಾಗುವ ಮುನ್ನ ತೀರಿಕೊಂಡ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಕನ್ನಡ ಪಾಠ ಹೇಳುವವನಿಗೆ ಮೊದಲು ಸಂಶಯ ಬರುವುದು ಮಾತಿನ ಮೇಲೆಯೇ. ‘ಹೃದಯಾಘಾತ’ ಎನ್ನುತ್ತೇವೆ; ಆಘಾತವೆಂದರೆ ಪೆಟ್ಟು. ‘ಲಕ್ವ ಹೊಡೆಯಿತು’ ಎನ್ನುತ್ತೇವೆ. ಇಂಗ್ಲಿಷರ ‘ಸ್ಟ್ರೋಕ್’ ಎಂಬ ಮಾತಿಗೂ ಹೊಡೆತವೆಂದೇ ಅರ್ಥ. ಎಲ್ಲಿಂದಲೋ ಒಂದು ಕೈ ಬಂದು ಬಡಿಯಿತೆಂಬ ಭಾವನೆ ಈ ಮಾತುಗಳಲ್ಲಿ ಅಡಗಿದೆ. ಬಡಿಯುವ ಕೈ ಹೊರಗಿನದಾದರೆ ನಾವು ಮಾಡಬೇಕಾದದ್ದೇನೂ ಉಳಿಯುವುದಿಲ್ಲ. ಆದರೆ ಈ ರೋಗಗಳ ಚರಿತ್ರೆ ಹೇಳುವುದೇ ಬೇರೆ.

1772ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಎದೆಯ ಈ ಬೇನೆಯನ್ನು ವಿವರವಾಗಿ ವರ್ಣಿಸಿದ. ಅದು ಹೆಚ್ಚಾಗಿ ಐವತ್ತು ದಾಟಿದ ಗಂಡಸರಿಗೆ ಬರುವುದೆಂದು ಅವನು ಬರೆದ. ಇದು ಮುಪ್ಪಿನ ರೋಗವೆಂಬ ನಂಬಿಕೆ ಬಹುಕಾಲ ಉಳಿಯಿತು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1953ರಲ್ಲಿ. ಕೊರಿಯಾ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕದ ಸೈನಿಕರ ಹೃದಯಗಳನ್ನು ಅಲ್ಲಿನ ಸೇನಾ ವೈದ್ಯರು ಪರೀಕ್ಷಿಸಿದರು. ಸತ್ತವರ ಸರಾಸರಿ ವಯಸ್ಸು 22. ಅವರಲ್ಲಿ ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಆಗಲೇ ಮೂಡಿತ್ತು! ಯುದ್ಧಕ್ಕೆ ಯೋಗ್ಯರೆಂದು ಆರಿಸಿದ ತರುಣರು ಅವರು, ಎದೆನೋವೆಂದು ಗೊಣಗಿದವರಲ್ಲ.

ಕೆರೆಯ ಏರಿ ಒಡೆಯುವುದು ಒಂದು ರಾತ್ರಿಯಲ್ಲಿ. ಅದರೊಳಗೆ ಹೆಗ್ಗಣ ಬಿಲ ತೋಡುವುದು ವರ್ಷಗಟ್ಟಲೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ನಿಧಾನವಾಗಿ ಸೇರುತ್ತದೆ. ಎಂದೋ ಒಂದು ದಿನ ಆ ಗಂಟು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿಗೆ ಹೋಗುವ ನಾಳ ಮುಚ್ಚಿದರೆ ಅಥವಾ ಮಿದುಳಿನ ನಾಳ ಒತ್ತಡಕ್ಕೆ ಒಡೆದರೆ ಪಾರ್ಶ್ವವಾಯು.

ಬಿಲ ತೋಡುವ ಹೆಗ್ಗಣಗಳನ್ನು ಗುರುತಿಸಿದ ಕೀರ್ತಿಯ ಬಹುಪಾಲು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರಿಗೆ ಸಲ್ಲಬೇಕು. 1948ರಲ್ಲಿ ಆರಂಭವಾದ ಅಧ್ಯಯನಕ್ಕೆ ಅಲ್ಲಿನ 5,209 ಮಂದಿ ಆರೋಗ್ಯವಾಗಿದ್ದಾಗಲೇ ಮೈಯೊಡ್ಡಿದರು. ಏರಿದ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಇದ್ದವರಿಗೆ ಮುಂದೆ ಅಪಾಯ ಹೆಚ್ಚೆಂದು 1961ರ ಹೊತ್ತಿಗೆ ಸ್ಪಷ್ಟವಾಯಿತು. 1953ರಲ್ಲಿಯೇ ಲಂಡನ್ನಿನ ಜೆರೆಮಿ ಮಾರಿಸ್, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಡ್ರೈವರುಗಳಿಗೆ ಹೃದ್ರೋಗ ಹೆಚ್ಚೆಂದು ತೋರಿಸಿದ್ದ. ಅದನ್ನು ಓದಿದಾಗ ನನಗೆ ತಮ್ಮನ ಲಾರಿಯ ಸೀಟು ನೆನಪಾಯಿತು.

ಇವೆಲ್ಲ ಪರದೇಶದ ಮಾತೆಂದು ತಳ್ಳುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಬಾರಿ ಹೃದಯಾಘಾತವಾದ 200 ಮಂದಿಯನ್ನು, ಆಗದ 200 ಮಂದಿಯೊಡನೆ ಹೋಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಮುಖ್ಯ ಕಾರಣವಾಗಿ ಕಂಡದ್ದು ಧೂಮಪಾನ. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಬೀಡಿ ಸೇದುವವರಿಗೆ ಅಪಾಯ ಆರು ಪಟ್ಟಿಗೂ ಮಿಕ್ಕಿತ್ತು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ನಮ್ಮವರು ಆರು ವರ್ಷ ಮೊದಲೇ ಬೀಳುತ್ತಿದ್ದಾರೆ.

ಹಿಂದಿನ ಕಾಲವೆಲ್ಲ ಆರೋಗ್ಯದ ಕಾಲವೆಂಬ ಭ್ರಮೆಯೂ ಬೇಡ. ಆ ಮುದುಕರ ತಂದೆಯ ಕಾಲದಲ್ಲಿ ಎಳೆಯರನ್ನು ಪ್ಲೇಗು, ಕಾಲರಾಗಳು ಒಯ್ಯುತ್ತಿದ್ದವು. ಉಳಿದವರನ್ನು ಮಾತ್ರ ನಾವು ನೆನೆಯುತ್ತೇವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಅಗಲಿದಾಗ ಕರ್ನಾಟಕ ನಡುಗಿತು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಜನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರದ ತಜ್ಞರ ಸಮಿತಿಗೆ ಅಲ್ಲಿ ಅಸಹಜವಾದ ಏರಿಕೆಯೇನೂ ಕಾಣಲಿಲ್ಲ; ಕಂಡದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಶತ್ರುಗಳೇ. ಹೆದರಿ ಒಂದು ದಿನ ಸಾಲಿನಲ್ಲಿ ನಿಲ್ಲುವುದು ಬೇರೆ, ವರ್ಷವಿಡೀ ಎಚ್ಚರವಾಗಿರುವುದು ಬೇರೆ.

ಎಚ್ಚರವೆಂದರೆ ಮಹಾ ತಪಸ್ಸೇನೂ ಅಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡುವುದು. ದಿನದ ಉಪ್ಪು ಐದು ಗ್ರಾಮಿನೊಳಗಿರುವುದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಮೂವತ್ತರಿಂದಲೇ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸುವುದು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ಎಚ್ಚರ ಇನ್ನೂ ಹೆಚ್ಚಬೇಕು. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದು ಬೆವರಿಟ್ಟರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಕಷಾಯವಲ್ಲ, 108. ಲಕ್ವಕ್ಕೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೃದಯಕ್ಕಂತೂ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಪುನೀತರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದದ್ದು, ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು ಇಂಥ ಚುಚ್ಚುಮದ್ದು ಕೊಡಲೆಂದೇ.

ತಮ್ಮ ಹೋದ ಮೇಲೆ ನಾನು ಮೊದಲ ಸಲ ತೋಳಿಗೆ ಪಟ್ಟಿ ಕಟ್ಟಿಸಿಕೊಂಡೆ. 156/98. 140/90 ದಾಟಿದರೇ ಹೆಚ್ಚು. ಮೈಗೆ ಏನೂ ತಿಳಿದಿರಲಿಲ್ಲ. ಅಂದಿನಿಂದ ದಿನಕ್ಕೊಂದು ಮಾತ್ರೆ.

ಕಾವಲಿನ ಬಳಿ ಆ ಮುದುಕರಿಗೆ ಇಷ್ಟೆಲ್ಲ ಹೇಳಲಿಲ್ಲ. “ನಿಮ್ಮ ಮಗನ ಬಿ.ಪಿ. ಎಂದಾದರೂ ನೋಡಿಸಿದ್ದೀರಾ?” ಎಂದು ಮಾತ್ರ ಕೇಳಿದೆ.

“ಅವನಿಗೇನಾಗೈತೆ, ಗುಂಡ್ಕಲ್ಲು ಇದ್ದಂಗವ್ನೆ” ಎಂದರು.

“ನನ್ನ ತಮ್ಮನೂ ಹಾಗೆಯೇ ಇದ್ದ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ಸೋಮವಾರ ಚಳ್ಳಕೆರೆಯ ಆಸ್ಪತ್ರೆಯ ಜಗಲಿಯಲ್ಲಿ ತಂದೆ ಮಗ ಇಬ್ಬರೂ ಚೀಟಿ ಹಿಡಿದು ಕುಳಿತಿದ್ದುದನ್ನು ಕಂಡೆ.