ಪಣಂಬೂರಿನ ಬಾವಿಯೂ ನೇತ್ರಾವತಿಯ ಕೊಳಾಯಿಯೂ

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಮಂಗಳೂರಿನಲ್ಲಿ ಕುಡಿಯುವ ನೀರಿನ ಚಿಂತೆಯೆಂದರೆ ಶ್ರೋತೃಗಳಿಗೆ ವಿನೋದವೆನಿಸೀತು. ಆದರೆ ಆ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಕಡಲನ್ನು ಸೇರುತ್ತದೆ. ವೈಶಾಖದ ಬಿಸಿಲಿಗೆ ಉಳಿಯುವುದು ಬಾವಿಯ ತಳ ಮಾತ್ರ.

ನಗರದ ಉತ್ತರಕ್ಕಿರುವ ಪಣಂಬೂರು ಕಡಲದಡದ ಮರಳುನೆಲ. ಇಂತಹ ನೆಲದಲ್ಲಿ ಬಾವಿಯು ಸಿಹಿನೀರನ್ನು ಕೊಡುವುದು ಪ್ರಕೃತಿಯ ಸೂಕ್ಷ್ಮವಾದ ತೂಕದಿಂದ. ಮಳೆನೀರು ಉಪ್ಪುನೀರಿಗಿಂತ ಹಗುರವಾದ ಕಾರಣ ಮರಳಿನೊಳಗೆ ಅದರ ಮೇಲೆ ತೇಲಿಕೊಂಡಿರುತ್ತದೆ. ಯೂರೋಪಿನ ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ವಿದ್ವಾಂಸರ ಲೆಕ್ಕದಂತೆ, ಸಮುದ್ರಮಟ್ಟದ ಮೇಲೆ 1 ಅಡಿ ಸಿಹಿನೀರು ನಿಂತರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿರುವುದು. ಮೇಲಿನ ಒಂದಡಿಯನ್ನು ಬರಿದು ಮಾಡಿದರೆ ಕ್ರಮೇಣ ಕೆಳಗಿನ ನಲವತ್ತೂ ಉಪ್ಪಿನ ಪಾಲು. ಹಗ್ಗ ಬಿಂದಿಗೆಗಳ ಕಾಲದಲ್ಲಿ ಈ ಭಯ ಹೆಚ್ಚಾಗಿರಲಿಲ್ಲ; ಸೇದುವವರ ತೋಳೇ ಬಾವಿಗೆ ಕಾವಲಾಗಿತ್ತು.

ಒಳನಾಡಿನ ಗುಡ್ಡಗಳಲ್ಲಿ ಭಯವು ಬೇರೆ ಬಗೆಯದು. ಅಲ್ಲಿಯದು ಮುರಕಲ್ಲು; 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಜೇನುಗೂಡಿನಂತೆ ರಂಧ್ರಮಯವಾದ ಈ ಕಲ್ಲಿನಲ್ಲಿ ಮಳೆನೀರು ಇಳಿಯುವಷ್ಟೇ ಸುಲಭವಾಗಿ ಪಾಯಿಖಾನೆಯ ಗುಂಡಿಯ ನೀರೂ ಇಳಿದು ನೆರೆಯ ಬಾವಿಯನ್ನು ಸೇರಬಲ್ಲುದು. ಕಣ್ಣಿಗೆ ತಿಳಿಯಾದ ನೀರೂ ಕಾಲರಾ ತರಬಲ್ಲುದೆಂಬುದನ್ನು 1854ರಲ್ಲಿ ಲಂಡನಿನ ಜಾನ್ ಸ್ನೋ ಎಂಬ ವೈದ್ಯನು ಒಂದು ಬೀದಿಯ ಪಂಪಿನ ಸುತ್ತಲ ಸಾವುಗಳನ್ನು ಎಣಿಸಿ ತೋರಿಸಿದ್ದನು.

ಪಣಂಬೂರಿನ ಚರಿತ್ರೆ ತಿರುಗಿದುದು ಬಂದರಿನಿಂದ. ನೆಲವನ್ನಗೆದು ಕಡಲನ್ನೇ ಒಳಕ್ಕೆ ಬರಮಾಡಿಕೊಂಡ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1976ರಲ್ಲಿ ರಸಗೊಬ್ಬರದ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಕುದುರೆಮುಖದ ಅದಿರಂತೂ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಇಲ್ಲಿಗೆ ಹರಿದುಬರುತ್ತಿತ್ತು. ಆ ಗಣಿ 2005ರ ಕೊನೆಗೆ ನಿಂತಿತು. ಇಷ್ಟೊಂದು ಜನ, ಇಷ್ಟೊಂದು ಯಂತ್ರಗಳ ಬಾಯಾರಿಕೆಗೆ ಮರಳಿನ ಬಾವಿ ಎಲ್ಲಿ ಸಾಕಾದೀತು?

ಈಗ ನಗರಕ್ಕೆ ನೇತ್ರಾವತಿಯೇ ಆಧಾರ. ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ನೀರನ್ನು ನಿಲ್ಲಿಸಿ, ಶುದ್ಧೀಕರಿಸಿ ಕಳುಹಿಸುತ್ತಾರೆ. ಆದರೆ ಬಂಟ್ವಾಳ ಪೇಟೆ ಇರುವುದು ಈ ಅಣೆಕಟ್ಟಿನ ಮೇಲುಭಾಗದಲ್ಲಿ! ಹೊಳೆಯ ದಂಡೆಯ ಪೇಟೆಯ ಕೊಳೆ ಹೊಳೆಗಿಳಿದರೆ ಕೆಳಗಿನವರ ಪಾಲಿಗೆ ಬರುವುದು ಸಹಜವೇ. ಬೇಸಗೆಯಲ್ಲಿ ಹರಿವು ಕುಗ್ಗಿದಷ್ಟೂ ಅದನ್ನು ತೆಳುಗೊಳಿಸುವ ನೀರೂ ಕಡಿಮೆ. 2016ರಲ್ಲಿಯೂ 2019ರಲ್ಲಿಯೂ ನಗರದ ನೀರಿಗೆ ಸರದಿ ಬಂದಿತು; 2019ರ ಮೇ ತಿಂಗಳಿನಲ್ಲಿ ಎಂ.ಆರ್.ಪಿ.ಎಲ್. ತೈಲಾಗಾರವು ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು.

ಜನರು ಗಮನಿಸದಿರುವ ಅಪಾಯವು ಈ ಸರದಿಯಲ್ಲೇ ಅಡಗಿದೆ. ನೀರು ನಿಂತ ಕೊಳವೆಯೊಳಗೆ ಒತ್ತಡ ಇಳಿದಾಗ, ಬಿರುಕಿದ್ದೆಡೆಯಲ್ಲಿ ಹೊರಗಿನ ಚರಂಡಿಯ ಕೊಳೆಯನ್ನು ಅದು ಒಳಕ್ಕೆ ಹೀರಿಕೊಳ್ಳುತ್ತದೆ. ಮನೆಯ ಕೊಳಾಯಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವು ವಿಧಿಸಿರುವುದು ಇದಕ್ಕಾಗಿಯೇ. ತುಂಬೆಯಲ್ಲಿ ನೀರು ಶುದ್ಧವಾಗಿತ್ತೆಂಬ ವರದಿ ಪಣಂಬೂರಿನ ಮನೆಯಾಕೆಗೆ ಸಾಲದು. ಪರೀಕ್ಷೆ ನಡೆಯಬೇಕಾದುದು ಅವಳ ಬಿಂದಿಗೆ ತುಂಬುವ ಜಾಗದಲ್ಲಿ, ಅದರಲ್ಲಿಯೂ ನಿಂತ ನೀರು ಮರಳಿ ಹರಿಯತೊಡಗಿದ ಮೊದಲ ಗಳಿಗೆಯಲ್ಲಿ.